ಕೊನೆ ಗೊತ್ತಿದ್ದರೂ ಪುಸ್ತಕ ಕೆಳಗಿಡಲಾಗುವುದಿಲ್ಲವೇಕೆ?

ಒಲೆಯ ಮೇಲೆ ಹಾಲಿಟ್ಟು ಕಾದಂಬರಿ ಹಿಡಿದವರಿಗೆ ಹಾಲು ಉಕ್ಕಿದ ಮೇಲೆಯೇ ಎಚ್ಚರವಾಗುವುದುಂಟು. ಓದುಗ ಸಹೋದರಿಯರೇ, ನಿಮಗೂ ಇದರ ಅನುಭವವಿರಬಹುದು. ಪತ್ತೇದಾರಿ, ಸಾಹಸ, ಸಸ್ಪೆನ್ಸ್ ಎಂದು ನಾವು ಕರೆಯುವ ಕಾದಂಬರಿಗಳಿಗೆ ಈ ಶಕ್ತಿ ಹೆಚ್ಚು. ಕಾರಣವೇನೆಂದು ಕೇಳಿದರೆ, ಕೊನೆಯಲ್ಲಿ ಏನಾಗುತ್ತದೆಂದು ಗೊತ್ತಿರುವುದಿಲ್ಲವಲ್ಲ, ಅದಕ್ಕೇ ಎಂದು ಹೆಚ್ಚಿನವರು ಹೇಳುತ್ತಾರೆ. ಈ ಉತ್ತರ ಪೂರ್ತಿ ಸರಿಯಲ್ಲ. ಕೊನೆ ಏನೆಂದು ಮೊದಲೇ ಗೊತ್ತಿದ್ದರೂ ಲಕ್ಷಾಂತರ ಜನ ನಿದ್ದೆಗೆಟ್ಟು ಓದಿದ ಒಂದು ಪುಸ್ತಕವಿದೆ.

2025ರಲ್ಲಿ ನಿಧನರಾದ ಬ್ರಿಟಿಷ್ ಲೇಖಕ ಫ್ರೆಡರಿಕ್ ಫೋರ್ಸೈತ್‌ರ ‘ದಿ ಡೇ ಆಫ್ ದಿ ಜಾಕಲ್’ 1971ರಲ್ಲಿ ಪ್ರಕಟವಾಯಿತು. ಅದರ ಹಿನ್ನೆಲೆ ನಿಜವಾದ ಇತಿಹಾಸ. ದೀರ್ಘ ಹೋರಾಟದ ನಂತರ 1962ರಲ್ಲಿ ಅಲ್ಜೀರಿಯಾ ಫ್ರಾನ್ಸಿನಿಂದ ಸ್ವತಂತ್ರವಾಯಿತು. ಇದಕ್ಕೆ ಒಪ್ಪಿದ ಫ್ರಾನ್ಸಿನ ಅಧ್ಯಕ್ಷ ಡಿಗಾಲ್‌ರ ಮೇಲೆ ಅಲ್ಲಿನ ಕೆಲವು ಸೇನಾಧಿಕಾರಿಗಳಿಗೂ ಉಗ್ರ ಗುಂಪುಗಳಿಗೂ ತಡೆಯಲಾರದ ಸಿಟ್ಟು. ಅದೇ ವರ್ಷ ಆಗಸ್ಟ್ 22ರಂದು ಪ್ಯಾರಿಸ್ ಸಮೀಪ ಅವರ ಕಾರಿನ ಮೇಲೆ ಗುಂಡಿನ ಮಳೆಯೇ ಸುರಿಯಿತು. ಅಧ್ಯಕ್ಷರೂ ಅವರ ಪತ್ನಿಯೂ ಪಾರಾದರು. ಫೋರ್ಸೈತ್ ಆಗ ಪ್ಯಾರಿಸ್‌ನಲ್ಲಿ ವರದಿಗಾರರಾಗಿದ್ದರು. ಈ ಯತ್ನ ವಿಫಲವಾದ ಮೇಲೆ ಗುಂಪಿನವರು ಹೊರಗಿನ ಸುಪಾರಿ ಹಂತಕನೊಬ್ಬನನ್ನು ಗೊತ್ತುಪಡಿಸಿದ್ದರೆ ಹೇಗಿರುತ್ತಿತ್ತು ಎಂಬುದು ಅವರ ಕಲ್ಪನೆ.

ಆದರೆ ಡಿಗಾಲ್ ಯಾವ ಹಂತಕನ ಗುಂಡಿಗೂ ಬಲಿಯಾಗಲಿಲ್ಲ. ಹಂತಕ ಸೋಲುತ್ತಾನೆಂಬುದು ಎಲ್ಲರಿಗೂ ತಿಳಿದ ವಿಷಯ. ಇಂಥ ಕಥೆಯನ್ನು ಯಾರು ಓದುತ್ತಾರೆ? ಹಲವು ಪ್ರಕಾಶಕರು ಹಸ್ತಪ್ರತಿಯನ್ನು ತಿರಸ್ಕರಿಸಿದರು. ಅವರ ಲೆಕ್ಕ ಎಲ್ಲಿ ತಪ್ಪಿತು?

ಹಂತಕನ ಸಿದ್ಧತೆಯನ್ನು ಗಮನಿಸಿ. ತನ್ನ ವಯಸ್ಸಿನವನೇ ಆಗಿರಬಹುದಾಗಿದ್ದ, ಆದರೆ ಎಳವೆಯಲ್ಲೇ ತೀರಿಕೊಂಡ ಮಗುವೊಂದರ ಹೆಸರನ್ನು ಅವನು ಹಳ್ಳಿಯ ಸ್ಮಶಾನದಲ್ಲಿ ಹುಡುಕುತ್ತಾನೆ. ಆ ಹೆಸರಿನಲ್ಲಿ ಜನನ ಪ್ರಮಾಣಪತ್ರ ಪಡೆದು ಪಾಸ್‌ಪೋರ್ಟ್ ಮಾಡಿಸುತ್ತಾನೆ. ಬೆಲ್ಜಿಯಂನಲ್ಲಿ ಕುಶಲಕರ್ಮಿಯೊಬ್ಬನಿಂದ ವಿಶೇಷ ಬಂದೂಕು ತಯಾರಾಗುತ್ತದೆ. ಬಿಚ್ಚಿದರೆ ಅದರ ಭಾಗಗಳು ಕುಂಟರ ಊರುಗೋಲಿನ ಕೊಳವೆಯೊಳಗೆ ಅಡಗುತ್ತವೆ. ಕಾಡಿನಲ್ಲಿ ಹಣ್ಣೊಂದನ್ನು ತೂಗುಹಾಕಿ ಗುರಿ ಪರೀಕ್ಷಿಸುತ್ತಾನೆ. ಇಷ್ಟೆಲ್ಲ ಓದುವಾಗ ‘ಅಧ್ಯಕ್ಷರು ಸಾಯುತ್ತಾರೆಯೇ?’ ಎಂಬ ದೊಡ್ಡ ಪ್ರಶ್ನೆ ನಮಗೆ ನೆನಪೇ ಇರುವುದಿಲ್ಲ. ಈ ಗಡಿಯನ್ನು ಹೇಗೆ ದಾಟುತ್ತಾನೆ? ಈ ಪಾಸ್‌ಪೋರ್ಟ್ ನಡೆಯುತ್ತದೆಯೇ? ಒಂದು ಸಣ್ಣ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಇನ್ನೊಂದು ಎದ್ದು ನಿಲ್ಲುತ್ತದೆ. ಪುಟ ಮಗುಚಿಸುವುದು ಈ ಸಣ್ಣ ಪ್ರಶ್ನೆಗಳೇ.

ಇನ್ನೊಂದು ಕಡೆ ಲೆಬೆಲ್ ಎಂಬ ಸಾಧಾರಣ ಪೊಲೀಸ್ ಅಧಿಕಾರಿಯಿದ್ದಾನೆ. ಹಂತಕನ ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ಸುದ್ದಿ ಹೊರಬೀಳದಂತೆ ಹುಡುಕಬೇಕು. ಸರ್ಕಾರದ ಗುಪ್ತ ಸಭೆಯ ಮಾತು ಒಬ್ಬ ಹೆಣ್ಣಿನ ಮೂಲಕ ಶತ್ರುಗಳಿಗೆ ತಲುಪುತ್ತಿರುತ್ತದೆ. ಇದು ನಮಗೆ ಗೊತ್ತು, ಪಾಪ, ಲೆಬೆಲ್‌ಗೆ ಗೊತ್ತಿಲ್ಲ. ಅವನನ್ನು ಎಚ್ಚರಿಸೋಣವೆಂದರೆ ನಾವು ಪುಸ್ತಕದ ಹೊರಗಿದ್ದೇವೆ! ಮೇಜಿನ ಕೆಳಗಿನ ಬಾಂಬು ಒಮ್ಮೆಲೇ ಸಿಡಿದರೆ ಕೆಲವು ಸೆಕೆಂಡಿನ ಬೆಚ್ಚಿಬೀಳುವಿಕೆ ಮಾತ್ರ, ಅದು ಅಲ್ಲಿದೆಯೆಂದು ಪ್ರೇಕ್ಷಕನಿಗೆ ಮೊದಲೇ ತಿಳಿಸಿದರೆ ಹದಿನೈದು ನಿಮಿಷದ ತಳಮಳ ಎಂದು ಚಿತ್ರ ನಿರ್ದೇಶಕ ಹಿಚ್‌ಕಾಕ್ ವಿವರಿಸುತ್ತಿದ್ದರು. ಕುತೂಹಲ ಮುಚ್ಚಿಡುವುದರಿಂದ ಮಾತ್ರ ಹುಟ್ಟುವುದಿಲ್ಲ, ಸಮಯಕ್ಕೆ ಸರಿಯಾಗಿ ಹೇಳಿಬಿಡುವುದರಿಂದಲೂ ಹುಟ್ಟುತ್ತದೆ. ನಾಯಕನಿಗೆ ತಿಳಿದ ಸಂಗತಿಯನ್ನು ಓದುಗರಿಂದ ಕೊನೆಯವರೆಗೂ ಬಚ್ಚಿಡುವ ಲೇಖಕರನ್ನು ಕಂಡರೆ ನನಗೆ ಬೇಸರ. ಅದು ಚಾತುರ್ಯವಲ್ಲ, ಮೋಸ.

ಆದರೆ ಎಷ್ಟೇ ತಂತ್ರವಿದ್ದರೂ ಪಣಕ್ಕಿಟ್ಟದ್ದು ನಮಗೆ ಬೇಕಾದದ್ದಾಗಿರಬೇಕು. ‘ಅರೇಬಿಯನ್ ನೈಟ್ಸ್’ನ ಶಹರಜಾದ್ ಬೆಳಗಾಗುತ್ತಲೇ ಕಥೆಯನ್ನು ಅರ್ಧಕ್ಕೆ ನಿಲ್ಲಿಸುತ್ತಾಳೆ. ಅದು ಬರೀ ಜಾಣತನವಾಗಿದ್ದರೆ ನಾವು ಮರೆತುಬಿಡುತ್ತಿದ್ದೆವು. ಕಥೆ ಮುಗಿದರೆ ಅವಳ ತಲೆ ಹೋಗುತ್ತದೆ. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ ನೋಡಿ. ಏಲಕ್ಕಿ ಬೆಳೆಯುವ ಸುರೇಶ, ಗೌರಿ ಎಂಬ ಮಲೆನಾಡಿನ ಯುವ ದಂಪತಿ ಕಳ್ಳದಂಧೆಯವರ ಜಾಲದಲ್ಲಿ ಸಿಲುಕುವ ಕಥೆ. ಅವರು ನಮ್ಮ ನೆರೆಮನೆಯವರಂತಿದ್ದಾರೆ, ಆದ್ದರಿಂದಲೇ ನಮ್ಮ ಎದೆ ಹೊಡೆದುಕೊಳ್ಳುತ್ತದೆ. ಪುಟಕ್ಕೊಂದು ಹೆಣ ಬೀಳುವ ಅಗ್ಗದ ಪುಸ್ತಕಗಳಲ್ಲಿ ಸತ್ತವರು ಯಾರೆಂದು ಮರುದಿನ ನೆನಪಿರುವುದಿಲ್ಲ.

ಫೋರ್ಸೈತ್‌ರ ಪುಸ್ತಕದಲ್ಲಿ ನನ್ನನ್ನು ಕಾಡುವ ಸಂಗತಿಯೂ ಒಂದಿದೆ. ಹಂತಕ ಗಡಿ ತಪಾಸಣೆಗೆ ನಿಂತಾಗ ‘ಸಿಕ್ಕಿಬೀಳದಿರಲಿ’ ಎಂದು ನಮ್ಮ ಮನಸ್ಸೇ ಹಾರೈಸುತ್ತದೆ! ಅವನು ಕೊಲೆಗಾರನೆಂದು ಗೊತ್ತಿದ್ದೂ ಇಷ್ಟು ಹೊತ್ತು ಜೊತೆಯಲ್ಲಿ ನಡೆದ ತಪ್ಪಿಗೆ ಅವನ ಆತಂಕ ನಮ್ಮದಾಗಿರುತ್ತದೆ. ಪಠ್ಯಪುಸ್ತಕದೊಳಗೆ ಥ್ರಿಲ್ಲರ್ ಬಚ್ಚಿಟ್ಟು ಓದುವ ಮಗಳನ್ನು ಗದರಿ ಪುಸ್ತಕ ಕಸಿದುಕೊಳ್ಳುವ ತಾಯಂದಿರಿದ್ದಾರೆ. ಕಸಿದುಕೊಳ್ಳುವ ಬದಲು ನೀವೂ ಮೂವತ್ತು ಪುಟ ಓದಿ, ಯಾರು ಪಾರಾಗಲಿ ಎಂದು ನಿನಗನಿಸುತ್ತದೆ, ಏಕೆ ಎಂದು ಅವಳನ್ನು ಕೇಳಿ. ಉತ್ತರ ಕೊಡಲು ಅವಳು ಸ್ವಲ್ಪ ಹೊತ್ತು ತೆಗೆದುಕೊಂಡರೆ ಅವಸರಪಡಿಸಬೇಡಿ.