ಕಂಪ್ಯೂಟರ್ ಆಟದಲ್ಲಿ ಸೈನ್ಯ ಕಟ್ಟುವ ಲೆಕ್ಕ



ಕಂಪ್ಯೂಟರ್ ಆಟ ಅಂದ ಕೂಡಲೇ ದೊಡ್ಡವರು "ಅದರಲ್ಲಿ ಬರೀ ಹೊಡಿ ಬಡಿ, ಓದು ಹಾಳು" ಅನ್ನುತ್ತಾರೆ. ಹೊಡಿ ಬಡಿ ಇರುವುದು ನಿಜ. ಆದರೆ ನಾನು ಈಗ ಹೇಳುವ ಆಟದಲ್ಲಿ ಗೆಲ್ಲುವುದು ಜೋರಾಗಿ ಹೊಡೆಯುವವನಲ್ಲ, ಲೆಕ್ಕ ಸರಿಯಾಗಿ ಮಾಡುವವನು. ನಮ್ಮ ತರಗತಿಯಲ್ಲಿ ಹೆಚ್ಚಿನವರ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ನಾನೂ ರಜೆಯಲ್ಲಿ ಮಾವನ ಊರಿಗೆ ಹೋದಾಗ ಮಾತ್ರ ಆಡೋದು. ಆದರೂ ಪರವಾಗಿಲ್ಲ. ಈ ಲೆಕ್ಕಕ್ಕೆ ಸ್ಲೇಟು ಬಳಪ ಸಾಕು.

ಆಟದ ಹೆಸರು ಏಜ್ ಆಫ್ ಎಂಪೈರ್ಸ್ 2. ಅಮೆರಿಕದ ಎನ್ಸೆಂಬಲ್ ಸ್ಟುಡಿಯೋಸ್ ಎಂಬ ಸಂಸ್ಥೆ ಮಾಡಿದ್ದು, ಮೈಕ್ರೋಸಾಫ್ಟ್ 1999ರಲ್ಲಿ ಹೊರತಂದಿತು. 2019ರಲ್ಲಿ ಇದರ ಹೊಸ ಆವೃತ್ತಿ ಬಂತು. ಹಳೆಯ ಕಾಲದ ರಾಜ್ಯ ಒಂದನ್ನು ಕಟ್ಟಿ, ಸೈನ್ಯ ಮಾಡಿ, ಎದುರಾಳಿಯನ್ನು ಸೋಲಿಸಬೇಕು. ಆಹಾರ, ಮರ, ಚಿನ್ನ, ಕಲ್ಲು ಎಂಬ ನಾಲ್ಕು ಸಂಪತ್ತುಗಳಿವೆ. ಇವನ್ನು ಕೂಡಿಸುವವರು ಹಳ್ಳಿಗರು. ಕೆಳಗೆ ನಾನು ಹೇಳುವ ಸೆಕೆಂಡು, ನಿಮಿಷ ಎಲ್ಲಾ ಆಟದೊಳಗಿನ ಗಡಿಯಾರದ್ದು.

1. ಮೊದಲು ಹೊಟ್ಟೆ, ಆಮೇಲೆ ಕತ್ತಿ

ಆಟ ಶುರುವಾದಾಗ ಒಂದು ಊರ ಚಾವಡಿ, 3 ಜನ ಹಳ್ಳಿಗರು, ಒಬ್ಬ ಬೇಹುಗಾರ ಸವಾರ, 200 ಆಹಾರ, 200 ಮರ, 100 ಚಿನ್ನ, 200 ಕಲ್ಲು ಇರುತ್ತೆ. ಹೊಸಬರು ಏನು ಮಾಡುತ್ತಾರೆ ಅಂದ್ರೆ, ತಕ್ಷಣ ಸೈನಿಕರ ಗರಡಿ ಕಟ್ಟುತ್ತಾರೆ. ಗರಡಿಗೆ 175 ಮರ. ಉಳಿಯುವುದು 25 ಮರ, ಅಂದರೆ ಒಂದೇ ಒಂದು ಮನೆ. ಇರುವ 200 ಆಹಾರದಲ್ಲಿ ಕೆಲವೇ ಜನ ಕಾಲಾಳು ಬರುತ್ತಾರೆ. ಅಲ್ಲಿಗೆ ಕಣಜ ಖಾಲಿ!

ಬಲ್ಲವರು ಹಾಗೆ ಮಾಡೋದಿಲ್ಲ. ಒಬ್ಬ ಹಳ್ಳಿಗನಿಗೆ 50 ಆಹಾರ, ಬರಲು 25 ಸೆಕೆಂಡು. ಅದೇ 200 ಆಹಾರಕ್ಕೆ 4 ಹಳ್ಳಿಗರು. ಹೊಲದಲ್ಲಿ ದುಡಿಯುವ ಒಬ್ಬ ನಿಮಿಷಕ್ಕೆ ಸುಮಾರು 20 ಆಹಾರ ತರುತ್ತಾನೆ. ಅಂದರೆ ಎರಡೂವರೆ ನಿಮಿಷದಲ್ಲಿ ತನ್ನ ಖರ್ಚು ತಾನೇ ತೀರಿಸಿ, ಮುಂದೆಲ್ಲಾ ಲಾಭ ಕೊಡುತ್ತಾನೆ. ಕಾಲಾಳು ಒಂದು ಕಾಳನ್ನೂ ತರುವುದಿಲ್ಲ. ನಮ್ಮ ಮನೆಗಳಲ್ಲಿ ಎಷ್ಟೇ ಕಷ್ಟ ಬಂದರೂ ಬಿತ್ತನೆ ರಾಗಿ ಮುಟ್ಟುವುದಿಲ್ಲ, ಅಲ್ವಾ? ಮೊದಲ 200 ಆಹಾರ ಆ ಬಿತ್ತನೆ ರಾಗಿ ಇದ್ದ ಹಾಗೆ.

2. ಒಂದು ಲಾಯಕ್ಕೆ ಎಷ್ಟು ಹೊಲ?

ಈ ಲೆಕ್ಕ ನನಗೆ ತುಂಬಾ ಇಷ್ಟ. ಕೋಟೆ ಯುಗಕ್ಕೆ ಹೋದ ಮೇಲೆ ಕುದುರೆ ಲಾಯದಲ್ಲಿ ಕವಚ ತೊಟ್ಟ ಸವಾರರು ಸಿಗುತ್ತಾರೆ. ಒಬ್ಬನಿಗೆ 60 ಆಹಾರ, 75 ಚಿನ್ನ, 30 ಸೆಕೆಂಡು. ನಿಮಿಷಕ್ಕೆ ಇಬ್ಬರು, ಅಂದರೆ 120 ಆಹಾರ, 150 ಚಿನ್ನ ಬೇಕು. ಆಹಾರಕ್ಕೆ 120 ಭಾಗಿಸು 20, ಅಂದರೆ 6 ಜನ ರೈತರು. ಗಣಿಯಲ್ಲಿ ಒಬ್ಬ ನಿಮಿಷಕ್ಕೆ ಸುಮಾರು 22 ಚಿನ್ನ ತೆಗೆಯುತ್ತಾನೆ. 150 ಭಾಗಿಸು 22, ಸುಮಾರು 7 ಜನ. ಒಟ್ಟು 13 ಜನ ದುಡಿದರೆ ಒಂದು ಲಾಯ ನಿಲ್ಲದೆ ನಡೆಯುತ್ತೆ. ಚಾವಡಿಯಲ್ಲಿ ಹಳ್ಳಿಗರು ಬರುತ್ತಲೇ ಇರಬೇಕಾದರೆ ಅದಕ್ಕೂ ನಿಮಿಷಕ್ಕೆ 120 ಆಹಾರ, ಇನ್ನೂ 6 ಜನ ರೈತರು.

13 ಜನರ ದುಡಿಮೆ ಇಟ್ಟುಕೊಂಡು ಮೂರು ಲಾಯ ಕಟ್ಟಿದರೆ ಎರಡು ಸುಮ್ಮನೆ ಬಿದ್ದಿರುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅನ್ನೋದು ಇದಕ್ಕೇ.

ಕುದುರೆ ಸೈನ್ಯ ದುಬಾರಿ ಅನ್ನೋದು ನಮ್ಮ ಚರಿತ್ರೆಯಲ್ಲೂ ಇದೆ. ವಿಜಯನಗರದ ಅರಸರು ಅರಬ್ ಮತ್ತು ಪೋರ್ಚುಗೀಸ್ ವ್ಯಾಪಾರಿಗಳಿಂದ ಹಣ ಕೊಟ್ಟು ಕುದುರೆ ತರಿಸುತ್ತಿದ್ದರು.

3. ಕಾದು ನಿಂತ ದುಡ್ಡು

ಒಂದೇ ಲಾಯದಲ್ಲಿ 10 ಸವಾರರಿಗೆ ಒಟ್ಟಿಗೆ ಆಜ್ಞೆ ಕೊಟ್ಟರೆ 600 ಆಹಾರ, 750 ಚಿನ್ನ ಆ ಕ್ಷಣವೇ ಕಳೆದುಹೋಗುತ್ತೆ. ಆದರೆ ಸವಾರರು ಒಬ್ಬೊಬ್ಬರಾಗಿ ಬಂದು 10 ಜನ ಆಗಲು 5 ನಿಮಿಷ ಬೇಕು. ಕೊನೆಯವನ ದುಡ್ಡು ನಾಲ್ಕೂವರೆ ನಿಮಿಷ ಸುಮ್ಮನೆ ಸಾಲಿನಲ್ಲಿ ನಿಂತಿರುತ್ತೆ. ಅದಕ್ಕೆ ಒಂದೊಂದು ಸಲಕ್ಕೆ ಒಬ್ಬಿಬ್ಬರಿಗೆ ಮಾತ್ರ ಆಜ್ಞೆ ಕೊಡಬೇಕು. ದುಡ್ಡು ನಿಜವಾಗಿ ಹೆಚ್ಚಿದ್ದರೆ 175 ಮರಕ್ಕೆ ಇನ್ನೊಂದು ಲಾಯ ಕಟ್ಟಿ. ಆಗ 10 ಸವಾರರು ಎರಡೂವರೆ ನಿಮಿಷದಲ್ಲಿ ರೆಡಿ.

ಇನ್ನೊಂದು ವಿಷಯ. ಒಂದು ಮನೆಯಲ್ಲಿ 5 ಜನಕ್ಕೆ ಜಾಗ. ಮನೆ ಸಾಲದಿದ್ದರೆ ದುಡ್ಡಿದ್ದರೂ ತರಬೇತಿ ನಿಂತುಬಿಡುತ್ತೆ. ಎದುರಾಳಿ ಬಾಗಿಲಿಗೆ ಬಂದಾಗ ಮನೆ ಕಟ್ಟಲು ಓಡಿದರೆ "ಯುದ್ಧಕಾಲೇ ಶಸ್ತ್ರಾಭ್ಯಾಸ" ಅಂದ ಹಾಗೆ ಆಗುತ್ತೆ.

4. ಕುಲುಮೆಗೆ ಯಾವಾಗ ಹೋಗಬೇಕು?

ಕುಲುಮೆಯಲ್ಲಿ ಆಯುಧ, ಕವಚ ಸುಧಾರಿಸಬಹುದು. ಬಿಲ್ಗಾರರ ಮೊದಲನೇ ಸುಧಾರಣೆಗೆ 100 ಆಹಾರ, 50 ಚಿನ್ನ. ಅದರಿಂದ ಪ್ರತಿ ಬಾಣದ ಪೆಟ್ಟು 4 ಇದ್ದದ್ದು 5 ಆಗುತ್ತೆ, ಬಾಣ ಹೋಗುವ ದೂರವೂ ಒಂದು ಹೆಚ್ಚುತ್ತೆ. ಒಟ್ಟು ಖರ್ಚು 150. ಒಬ್ಬ ಬಿಲ್ಗಾರನಿಗೆ 25 ಮರ, 45 ಚಿನ್ನ, ಒಟ್ಟು 70. ಆದ್ದರಿಂದ ಈ ಸುಧಾರಣೆ ಸುಮಾರು 2 ಬಿಲ್ಗಾರರ ಬೆಲೆ. ಯಾವುದು ಮೇಲು? ನೋಡಿ:

4 ಬಿಲ್ಗಾರರಿದ್ದಾಗ: ಸುಧಾರಿಸಿದರೆ ಪೆಟ್ಟು 20. ಇಬ್ಬರನ್ನು ಸೇರಿಸಿದರೆ 24.
8 ಬಿಲ್ಗಾರರಿದ್ದಾಗ: ಸುಧಾರಿಸಿದರೆ 40. ಇಬ್ಬರನ್ನು ಸೇರಿಸಿದರೂ 40.
20 ಬಿಲ್ಗಾರರಿದ್ದಾಗ: ಸುಧಾರಿಸಿದರೆ 100. ಇಬ್ಬರನ್ನು ಸೇರಿಸಿದರೆ 88.

ಅಂದರೆ ಜನ ಕಡಿಮೆ ಇದ್ದಾಗ ಜನ ಸೇರಿಸಿ, ಹೆಚ್ಚಾದಾಗ ಕುಲುಮೆಗೆ ಹೋಗಿ. ಆದರೆ ಎದುರಾಳಿಗೆ ಕವಚ ಇದ್ದರೆ ಲೆಕ್ಕ ಬದಲಾಗುತ್ತೆ. ಕುದುರೆ ಸವಾರನ ಕವಚ ಪ್ರತಿ ಬಾಣದಿಂದ 2 ಪೆಟ್ಟು ತಡೆಯುತ್ತೆ. ಅವನ ಪ್ರಾಣ 100. ಸುಧಾರಿಸದ ಬಾಣದಿಂದ ಒಳಗೆ ಹೋಗುವುದು 2 ಮಾತ್ರ, 50 ಬಾಣ ಬೇಕು. ಸುಧಾರಿಸಿದ ಬಾಣದಿಂದ 3, ಆಗ 34 ಬಾಣ ಸಾಕು. ಸುಧಾರಣೆಯಲ್ಲಿ ಇನ್ನೊಂದು ಲಾಭ: ಈಗಿರುವವರಿಗೂ ಸಿಗುತ್ತೆ, ಮುಂದೆ ಬರುವವರಿಗೂ ಸಿಗುತ್ತೆ.

5. ಯಾರಿಗೆ ಯಾರು?

ಈಟಿಗಾರನಿಗೆ 35 ಆಹಾರ, 25 ಮರ ಸಾಕು, ಚಿನ್ನ ಬೇಡವೇ ಬೇಡ. ಅವನ ಪೆಟ್ಟು ಬರೀ 3. ಆದರೆ ಕುದುರೆ ಸವಾರರ ಮೇಲೆ ಇನ್ನೂ 15 ಸೇರುತ್ತೆ! ಇಬ್ಬರು ಈಟಿಗಾರರಿಗೆ 120, ಒಬ್ಬ ಸವಾರನಿಗೆ 135. ಕಡಿಮೆ ಖರ್ಚಿನ ಇಬ್ಬರು ಸೇರಿ ಸವಾರನನ್ನು ಕೆಡವುತ್ತಾರೆ. ಅದೇ ಈಟಿಗಾರರು ಬಿಲ್ಗಾರರ ಎದುರು ನಿಲ್ಲಲಾರರು. ಬಿಲ್ಗಾರರಿಗೆ ಭರ್ಜಿ ಎಸೆಯುವವರು ಉತ್ತರ. ಅವರಿಗೂ ಚಿನ್ನ ಬೇಡ. ಆದ್ದರಿಂದ ಬೇಹುಗಾರನನ್ನು ಮೊದಲು ಕಳಿಸಿ, ಎದುರಾಳಿ ಏನು ಕಟ್ಟಿದ್ದಾನೆ ನೋಡಿಕೊಂಡು, ಆಮೇಲೆ ಖರ್ಚು ಮಾಡಬೇಕು.

2022ರಲ್ಲಿ ಈ ಆಟಕ್ಕೆ ದ್ರಾವಿಡರು ಎಂಬ ಪಂಗಡ ಸೇರಿತು. ಅವರಿಗೆ ಪ್ರತಿ ಹೊಸ ಯುಗಕ್ಕೆ ಹೋದಾಗಲೂ 200 ಮರ ಪುಕ್ಕಟೆ. 175 ಮತ್ತು 25 ಕೂಡಿಸಿ ನೋಡಿ, ಸರಿಯಾಗಿ ಒಂದು ಗರಡಿ, ಒಂದು ಮನೆ! ಗರಡಿಯ ಸುಧಾರಣೆಗಳೂ ಅವರಿಗೆ ಅರ್ಧ ಬೆಲೆಗೆ ಸಿಗುತ್ತವೆ. ಹಾಗಾಗಿ ಅವರನ್ನು ಆರಿಸಿದರೆ ಕಾಲಾಳುಗಳ ಸೈನ್ಯವೇ ಲಾಭ.

ಕೊನೆಗೆ ಒಂದು ಮಾತು

ಆಟದಲ್ಲಿ ಈಟಿಗಾರ 22 ಸೆಕೆಂಡಿನಲ್ಲಿ ತಯಾರಾಗುತ್ತಾನೆ, ಸತ್ತರೆ 60 ಕೊಟ್ಟು ಇನ್ನೊಬ್ಬನನ್ನು ತರಬಹುದು. ನಮ್ಮ ಬೀದಿಯ ಒಬ್ಬ ಅಣ್ಣ ಸೈನ್ಯದಲ್ಲಿದ್ದಾರೆ. ಅವರ ತರಬೇತಿಗೆ ತಿಂಗಳುಗಟ್ಟಲೆ ಹಿಡಿಯಿತು. ಅವರು ರಜೆಗೆ ಬರೋ ದಿನ ಅವರ ಅಮ್ಮ ಬೆಳಿಗ್ಗೆಯಿಂದ ಬಸ್ ಸ್ಟ್ಯಾಂಡಿನ ಕಡೆ ನೋಡ್ತಾ ಇರ್ತಾರೆ. ಅವರ ಜಾಗಕ್ಕೆ ಇನ್ನೊಬ್ಬರು ಅನ್ನುವ ಲೆಕ್ಕ ಆ ಮನೆಯಲ್ಲಿ ಇಲ್ಲ. ಆಟವನ್ನು ಆಟ ಅಂತಲೇ ಆಡೋಣ. ಅದರಿಂದ ಯೋಚಿಸಿ ಖರ್ಚು ಮಾಡುವುದನ್ನು ಮಾತ್ರ ಕಲಿಯೋಣ.

ಈಗ ನಿಮಗೊಂದು ಪ್ರಶ್ನೆ: ಒಬ್ಬ ಬಿಲ್ಗಾರ ತಯಾರಾಗಲು 35 ಸೆಕೆಂಡು ಬೇಕು. ಬಿಲ್ಗಾರರ ಎರಡು ಗರಡಿಗಳು 7 ನಿಮಿಷ ನಿಲ್ಲದೆ ನಡೆದರೆ ಎಷ್ಟು ಜನ ಬರುತ್ತಾರೆ? ಅವರಿಗೆ ಎಷ್ಟು ಮರ, ಎಷ್ಟು ಚಿನ್ನ ಬೇಕು? ಉತ್ತರ ಮುಂದಿನ ಸಂಚಿಕೆಯಲ್ಲಿ. ಅಷ್ಟರೊಳಗೆ ನೀವೇ ಮಾಡಿ ನೋಡಿ.