ಕ್ಯಾಮೆರಾದ ಕಣ್ಣಿಗೆ ಎಷ್ಟು ಕರೆಂಟು ಬೇಕು?

ಮೊಬೈಲ್ ಕೊಳ್ಳುವಾಗ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುತ್ತೇವೆ. ಅಷ್ಟು ಪಿಕ್ಸೆಲ್‌ಗಳನ್ನು ಓದಲು ಎಷ್ಟು ಕರೆಂಟು ಬೇಕು ಎಂದು ಕೇಳುವವರು ಕಡಿಮೆ. ಲೆನ್ಸಿನ ಹಿಂದಿರುವ ಇಮೇಜ್ ಸೆನ್ಸರ್ ರೂಪಿಸುವವರಿಗೆ ಮಾತ್ರ ಈ ಎರಡು ಪ್ರಶ್ನೆಗಳನ್ನು ಬಿಡಿಸಿ ನೋಡಲು ಬರುವುದಿಲ್ಲ.

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಕಂಡುಹಿಡಿದ ಸಿಸಿಡಿ ಎಂಬ ಸೆನ್ಸರಿಗೆ 2009ರಲ್ಲಿ ನೊಬೆಲ್ ಬಂತು. ಬೆಳಕು ಬಿದ್ದಾಗ ಹುಟ್ಟುವ ಎಲೆಕ್ಟ್ರಾನ್‌ಗಳನ್ನು, ಸಾಲಾಗಿ ನಿಂತವರು ಕೈಯಿಂದ ಕೈಗೆ ಕೊಡ ದಾಟಿಸುವಂತೆ, ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ ಸಾಗಿಸಿ ಚಿಪ್ಪಿನ ಅಂಚಿನಲ್ಲಿ ಅಳೆಯುವುದು ಅದರ ಕ್ರಮ. ಚಿತ್ರ ಚೆನ್ನಾಗಿ ಬರುತ್ತಿತ್ತು. ಆದರೆ ಈ ಸಾಗಾಟಕ್ಕೆ ಬಹಳ ವಿದ್ಯುತ್ ಬೇಕಿತ್ತು. ಬಾಹ್ಯಾಕಾಶದ ವಿಕಿರಣದಿಂದ ಸಿಲಿಕಾನ್‌ಗೆ ಪೆಟ್ಟಾದರೆ ಎಲೆಕ್ಟ್ರಾನ್‌ಗಳು ದಾರಿಯಲ್ಲೇ ಸಿಕ್ಕಿಬೀಳುತ್ತಿದ್ದವು.

1990ರ ದಶಕದ ಆರಂಭದಲ್ಲಿ ನೌಕೆಗಳ ಕ್ಯಾಮೆರಾ ಚಿಕ್ಕದಾಗಿಸಲು ಹೊರಟ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಎರಿಕ್ ಫಾಸಮ್ ತಂಡ, ಎಲೆಕ್ಟ್ರಾನ್‌ಗಳನ್ನು ಸಾಗಿಸುವ ಗೋಜೇ ಬೇಡವೆಂದು ಆಂಪ್ಲಿಫೈಯರನ್ನು ಪ್ರತಿ ಪಿಕ್ಸೆಲ್‌ನೊಳಗೇ ಕೂರಿಸಿತು. ಈ ಯೋಚನೆ 1960ರ ದಶಕದಲ್ಲೇ ಇತ್ತು. ಅದಕ್ಕೆ ತಕ್ಕಷ್ಟು ಸೂಕ್ಷ್ಮವಾಗಿ ಚಿಪ್ ತಯಾರಿಸಲು ಆಗ ಆಗುತ್ತಿರಲಿಲ್ಲ. ಫಾಸಮ್ ತಂಡದ ಸೆನ್ಸರ್ ಕಂಪ್ಯೂಟರ್ ಚಿಪ್ಪಿನ ಸಿಮಾಸ್ ವಿಧಾನದಲ್ಲೇ ತಯಾರಾದ್ದರಿಂದ ಉಳಿದ ಸರ್ಕ್ಯೂಟುಗಳೂ ಅದೇ ಚಿಪ್ಪಿನಲ್ಲಿ ಹಿಡಿದವು. ವಿದ್ಯುತ್ ಬಳಕೆ ನೂರನೇ ಒಂದು ಭಾಗದವರೆಗೂ ಇಳಿಯಿತು ಎನ್ನುತ್ತದೆ ನಾಸಾ.

ಈ ಕಸುಬಿನ ನಿಜವಾದ ಜಾಣ್ಮೆ ಇರುವುದು ನಾಯ್ಸ್ ತಗ್ಗಿಸುವುದರಲ್ಲಿ ಎಂದು ನನಗನ್ನಿಸುತ್ತದೆ. ಪಿಕ್ಸೆಲನ್ನು ಖಾಲಿ ಮಾಡಿದಾಗಲೆಲ್ಲ ಒಂದಿಷ್ಟು ವಿದ್ಯುದಂಶ ಅಡ್ಡಾದಿಡ್ಡಿಯಾಗಿ ಉಳಿಯುತ್ತದೆ. ಅದನ್ನು ತಡೆಯಲು ಹೋಗದೆ, ಎಲೆಕ್ಟ್ರಾನ್‌ಗಳು ಬರುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಅಳೆದು ಕಳೆದುಬಿಡುತ್ತಾರೆ. ಈ ಲೆಕ್ಕ ಸರಿಹೋಗಬೇಕಾದರೆ ಒಂದು ಎಲೆಕ್ಟ್ರಾನೂ ಹಿಂದೆ ಉಳಿಯಬಾರದು. ಅದನ್ನು ಸಾಧ್ಯವಾಗಿಸಿದ್ದು ಜಪಾನಿನ ಎನ್‌ಇಸಿಯಲ್ಲಿ 1980ರಲ್ಲಿ ನೊಬುಕಾಜು ತೆರಾನಿಶಿ ರೂಪಿಸಿದ ಪಿನ್ಡ್ ಫೋಟೋಡಯೋಡ್. ಮೊದಲು ಸಿಸಿಡಿಗೆಂದೇ ಮಾಡಿದ ಈ ರಚನೆ ಇಂದು ಬಹುಪಾಲು ಮೊಬೈಲ್ ಸೆನ್ಸರ್‌ಗಳಲ್ಲಿದೆ. ತೆರಾನಿಶಿ, ಫಾಸಮ್, ಸ್ಮಿತ್ ಸೇರಿ ನಾಲ್ವರಿಗೆ 2017ರಲ್ಲಿ ಕ್ವೀನ್ ಎಲಿಜಬೆತ್ ಎಂಜಿನಿಯರಿಂಗ್ ಪ್ರಶಸ್ತಿ ಸಂದದ್ದು ಸಂತೋಷದ ಸಂಗತಿ.

ಈಗ ಎಷ್ಟೋ ಮೊಬೈಲ್‌ಗಳಲ್ಲಿ ಪಿಕ್ಸೆಲ್ ಒಂದು ಮೈಕ್ರಾನ್‌ಗಿಂತಲೂ ಕಿರಿದು. ಜಾಗ ಸಾಲದೆ ನಾಲ್ಕು ಪಿಕ್ಸೆಲ್‌ಗಳು ಒಂದೇ ಆಂಪ್ಲಿಫೈಯರ್ ಹಂಚಿಕೊಳ್ಳುವುದುಂಟು. ಬೆಳಕಿಗೆ ತಂತಿಗಳು ಅಡ್ಡ ಬಾರದಂತೆ ಚಿಪ್ಪನ್ನೇ ಮಗುಚಿ ಹಿಂಬದಿಯಿಂದ ಬೆಳಕು ಬಿಡುತ್ತಾರೆ. ಕರೆಂಟಿನ ದೊಡ್ಡ ಪಾಲು ಅಳತೆಯನ್ನು ಅಂಕಿಗಿಳಿಸುವ, ಅಂಕಿಗಳನ್ನು ಹೊರಗೆ ಸಾಗಿಸುವ ಕೆಲಸಕ್ಕೆ ಹೋಗುತ್ತದೆ. ಹಾಗಾಗಿ ಅತಿವೇಗದ ಒಂದು ಪರಿವರ್ತಕದ ಬದಲು ಪಿಕ್ಸೆಲ್‌ಗಳ ಪ್ರತಿ ಕಂಬಸಾಲಿಗೊಂದರಂತೆ ಸಾವಿರಾರು ನಿಧಾನದ ಪರಿವರ್ತಕಗಳನ್ನು ಇಡುತ್ತಾರೆ.

ಈ ಉಳಿತಾಯದ ಫಲ ಫೋನಿಗಷ್ಟೇ ಸೀಮಿತವಲ್ಲ. ರೋಗಿ ನುಂಗುವ ಕ್ಯಾಮೆರಾ ಗುಳಿಗೆಗೆ 2001ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಸಣ್ಣ ಬಟನ್ ಸೆಲ್‌ಗಳ ಬಲದಲ್ಲೇ ಅದು ಸಣ್ಣ ಕರುಳಿನುದ್ದಕ್ಕೂ ಗಂಟೆಗಟ್ಟಲೆ ಚಿತ್ರ ತೆಗೆದು ಹೊರಗೆ ಕಳಿಸುತ್ತದೆ.