ಸಂತೆಯಿಂದ ಸಂತೆಗೆ: ವಿದ್ಯಾರ್ಥಿಗಳ ಪ್ರಾಜೆಕ್ಟು

ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಗೆ ಹೆಸರಿನಲ್ಲೇ ಸಂತೆ ಇದೆ. ಸಂತೆಗೆ ಸರಕು ತರುವವನು ವರ್ಷಕ್ಕೊಮ್ಮೆ ಲೆಕ್ಕ ನೋಡುವವನಲ್ಲ. ಈ ವಾರ ಸೊಪ್ಪು ಉಳಿದರೆ ಮುಂದಿನ ವಾರ ಕಡಮೆ ತರುತ್ತಾನೆ; ಗಿರಾಕಿ ಕೇಳಿದ್ದು ಇಲ್ಲದಿದ್ದರೆ ಅದನ್ನು ಹೊಂದಿಸಿಕೊಳ್ಳುತ್ತಾನೆ. ಅವನಿಗೆ ಏಳು ದಿನಕ್ಕೊಮ್ಮೆ ಪರೀಕ್ಷೆ, ಏಳು ದಿನಕ್ಕೊಮ್ಮೆ ತಿದ್ದುಪಡಿ.

ಶಾಲೆ ಕಾಲೇಜುಗಳ ಪ್ರಾಜೆಕ್ಟುಗಳಿಗೆ ಈ ಅನುಕೂಲ ಬಹುಮಟ್ಟಿಗೆ ಇಲ್ಲ. ವಿಷಯ ಕೊಟ್ಟ ದಿನ ಉತ್ಸಾಹ. ಒಪ್ಪಿಸುವ ಹಿಂದಿನ ರಾತ್ರಿ ಗಡಿಬಿಡಿ. ನಾಲ್ವರ ತಂಡದಲ್ಲಿ ಒಬ್ಬ ದುಡಿಯುತ್ತಾನೆ, ಮೂವರು ಸಹಿ ಹಾಕುತ್ತಾರೆ. ತಪ್ಪು ಗೊತ್ತಾಗುವ ಹೊತ್ತಿಗೆ ತಿದ್ದಲು ಕಾಲ ಉಳಿದಿರುವುದಿಲ್ಲ.

ಇದೇ ತೊಂದರೆ ಕಂಪ್ಯೂಟರ್ ತಂತ್ರಾಂಶ ಬರೆಯುವವರಿಗೂ ಇತ್ತು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ 17 ಮಂದಿ ಸೇರಿ ‘ಅಜೈಲ್’ ಪ್ರಣಾಳಿಕೆಯನ್ನು ಹೊರಡಿಸಿದರು. ಅಜೈಲ್ ಎಂದರೆ ಚುರುಕು. ಕೆಲಸವನ್ನು ಸಣ್ಣ ಸಣ್ಣ ಸುತ್ತುಗಳಾಗಿ ಮಾಡಿ, ಪ್ರತಿ ಸುತ್ತಿನ ಕೊನೆಗೆ ಆದಷ್ಟನ್ನು ತೋರಿಸಿ, ತಿದ್ದಿಕೊಂಡು ಮುಂದೆ ಸಾಗುವುದು ಈ ಕ್ರಮದ ತಿರುಳು. 2011ರಲ್ಲಿ ನೆದರ್ಲೆಂಡ್ಸಿನ ರಸಾಯನಶಾಸ್ತ್ರದ ಉಪಾಧ್ಯಾಯ ವಿಲ್ಲಿ ವೈನಾಂಡ್ಸ್ ಇದನ್ನು ತರಗತಿಗೆ ತಂದು ‘ಎಜುಸ್ಕ್ರಮ್’ ಎಂದು ಕರೆದರು.

ನಮ್ಮಲ್ಲಿಯೂ ಇದಕ್ಕೆ ಎಡೆಯುಂಟು. 1993ರಲ್ಲಿ ದೇಶಾದ್ಯಂತ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕಾಗಿ ಮಕ್ಕಳು ತಂಡ ಕಟ್ಟಿ ತಮ್ಮ ಊರಿನ ಸಮಸ್ಯೆಯೊಂದನ್ನು ಅಭ್ಯಾಸ ಮಾಡುತ್ತ ಬಂದಿದ್ದಾರೆ. ಸಂತೆಬಾಚಹಳ್ಳಿಯ ಕಡೆಯ ನಾಲ್ವರು ಮಕ್ಕಳು, ಬೇಸಿಗೆಯಲ್ಲಿ ಕೆರೆಯ ನೀರು ಎಷ್ಟು ಇಳಿಯುತ್ತದೆಂದು ಅಳೆಯಲು ಹೊರಟರೆನ್ನಿ. ಗೋಡೆಗೆ ಒಂದು ಹಾಳೆ ಅಂಟಿಸಲಿ. ಅದರಲ್ಲಿ ಮೂರು ಅಂಕಣ: ಮಾಡಬೇಕಾದದ್ದು, ಮಾಡುತ್ತಿರುವುದು, ಆದದ್ದು. ಒಂದೊಂದು ಕೆಲಸಕ್ಕೂ ಒಂದು ಚೀಟಿ, ಚೀಟಿಯ ಮೇಲೆ ಮಾಡುವವರ ಹೆಸರು. ಯಾರು ಸುಮ್ಮನೆ ಕುಳಿತಿದ್ದಾರೆಂಬುದನ್ನು ಹಾಳೆಯೇ ಹೇಳುತ್ತದೆ.

ಮೊದಲ ವಾರಕ್ಕೆ ಒಂದೇ ಗುರಿ: ಅಳತೆಯ ಗುರುತು ಹಾಕಿದ ಬಿದಿರುಕೋಲನ್ನು ಕೆರೆಯಲ್ಲಿ ನೆಟ್ಟು ದಿನಕ್ಕೊಮ್ಮೆ ಓದಿ ಬರೆಯುವುದು. ಶನಿವಾರ ಮೇಷ್ಟರ ಮುಂದೆ ಪಟ್ಟಿ ಇಟ್ಟರೆ, ಮಳೆಯಿಲ್ಲದೆ ನೀರು ಏರಿದೆ! ಹೋಗಿ ನೋಡಿದರೆ, ಕೋಲು ವಾಲಿದೆ. ಕೆಟ್ಟದ್ದು ಒಂದು ವಾರದ ಕೆಲಸವೇ ಹೊರತು ಇಡೀ ಬೇಸಿಗೆಯದಲ್ಲ. ಏನು ಸರಿಹೋಯಿತು, ಏನು ಕೆಟ್ಟಿತು, ಮುಂದೆ ಏನು ಬದಲಿಸಬೇಕು ಎಂದು ಕಾಲುಗಂಟೆ ಮಾತಾಡಿಕೊಂಡು, ಎರಡನೆಯ ಸುತ್ತಿಗೆ ಕೋಲಿನ ಬುಡಕ್ಕೆ ಕಲ್ಲು ಕೊಡುತ್ತಾರೆ.

ಉಪಾಧ್ಯಾಯರಿಗೆ ಒಂದು ಮಾತು. ಶನಿವಾರದ ಸಭೆ ಬೈಗುಳದ ಸಭೆಯಾದರೆ, ಮಕ್ಕಳು ಕೋಲನ್ನು ಸರಿಪಡಿಸದೆ ಅಂಕಿಗಳನ್ನೇ ಸರಿಪಡಿಸಿ ತರುತ್ತಾರೆ. ಆಗ ಹಾಳೆಯೂ ಚೀಟಿಯೂ ವ್ಯರ್ಥ. ಅಂಕ ಕೊಡುವಾಗ ಕೊನೆಯ ವರದಿಯ ಜೊತೆಗೆ, ವಾಲಿದ ಕೋಲಿನ ಆ ಪುಟಕ್ಕೂ ಒಂದು ಪಾಲು ಇರಲಿ.